ಉಡದಾರದ ಬಿಲ್ಲೆ

ನಮ್ಮ ಕಡೆ ಬೈಕಿನಿಂದ ಬಿದ್ದವನಿಗೆ ಮೊದಲು ನೀರು ಕುಡಿಸುತ್ತಾರೆ. ಆಮೇಲೆ ನೋವಿನ ಇಂಜೆಕ್ಷನ್ ಮಾಡಿಸುತ್ತಾರೆ. ಅದೂ ಆದ ಮೇಲೆ ಯಾವ ಊರು, ಯಾರ ಪೈಕಿ ಎಂದು ವಿಚಾರಿಸುತ್ತಾರೆ. ಈ ಕ್ರಮಕ್ಕೆ ಹೆಸರಿಡುವವನು ನಾನಲ್ಲ. ಹೊತ್ತಿಗೆ ಸರಿಯಾಗಿ ಎತ್ತಿಕೊಂಡು ಓಡುವ ಜನ ಎಲ್ಲ ಕಡೆ ಸಿಗುವುದಿಲ್ಲ. ಆದರೆ ನನ್ನ ಮಟ್ಟಿಗೆ ಆ ನಡುವಿನ ಇಂಜೆಕ್ಷನ್ ಒಂದೇ ಸಾಕು, ಊರು ಹೆಸರು ವಿಚಾರಿಸುವ ಕೆಲಸವೇ ಉಳಿಯುವುದಿಲ್ಲ.

ಇದು ಗೊತ್ತಾದದ್ದು ಮದುವೆಯಾದ ಎರಡನೆಯ ವರ್ಷ. ಕುಕನೂರಿನಲ್ಲಿ ಹೊಸದಾಗಿ ಮನೆ ಮಾಡಿದ್ದೆವು. ಹೆಂಡತಿಯ ಎದುರು ಗಂಡಸುತನ ತೋರಿಸಲು ಜೋಳದ ಚೀಲ ಒಬ್ಬನೇ ಎತ್ತಲು ಹೋದೆ, ಸೊಂಟ ಹಿಡಿದುಕೊಂಡಿತು. ದವಾಖಾನೆಗೆ ಹೋಗಿ ಇಂಜೆಕ್ಷನ್ ಮಾಡಿಸಿಕೊಂಡು ಹೊರಗಿನ ಬೆಂಚಿನ ಮೇಲೆ ಕೂತೆ. ಐದು ನಿಮಿಷದಲ್ಲಿ ತುಟಿ ಊದಿತು, ಮೈತುಂಬ ದದ್ದು ಎದ್ದವು, ಗಂಟಲು ಮುಚ್ಚಿಕೊಳ್ಳುತ್ತ ಬಂತು. ಡಾಕ್ಟರು ಗಟ್ಟಿಗರು. ಕೂಡಲೇ ಮರುಮದ್ದು ಕೊಟ್ಟು ಕೊಪ್ಪಳಕ್ಕೆ ಕಳಿಸಿದರು. ಮೂರು ದಿನ ಆಸ್ಪತ್ರೆಯಲ್ಲಿ ಮಲಗಿದೆ. ಬಿಡುವಾಗ ಅಲ್ಲಿನ ಹಿರಿಯ ಡಾಕ್ಟರು ನನ್ನನ್ನು ಬಿಟ್ಟು ನನ್ನ ಹೆಂಡತಿಗೆ ಹೇಳಿದರು.

"ಈ ಔಷಧಿ ಇನ್ನೊಮ್ಮೆ ಇವರ ಮೈಯಾಗ ಹೋದ್ರ ಉಳಸೂದು ನಮ್ಮ ಕೈಯಾಗಿಲ್ಲಮ್ಮಾ. ಎಲ್ಲಿ ಹೋದ್ರೂ ಮೊದ್ಲ ಇದನ್ನ ಹೇಳ್ರಿ."

ಎಚ್ಚರ ಇದ್ದರೆ ಹೇಳಬಹುದು. ಎಚ್ಚರ ತಪ್ಪಿ ಬಿದ್ದವನು ಹೇಳುವುದು ಹೇಗೆ? ನನ್ನ ಹೆಂಡತಿ ಈ ಪ್ರಶ್ನೆಯನ್ನು ಬಸ್ಸಿನಲ್ಲಿ ಮನೆಗೆ ಬರುವಾಗಲೇ ಎತ್ತಿದಳು. ಪ್ರಶ್ನೆ ಎತ್ತಲು ಕಾರಣವಿತ್ತು. ನಾನು ಮಂಗಳೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಸಮುದ್ರದ ದಂಡೆಯ ಮಂಗಳೂರಲ್ಲ, ನಮ್ಮ ಯಲಬುರ್ಗಾ ಸೀಮೆಯದು. ದಿನಾ ಕುಕನೂರಿನಿಂದ ಬೈಕಿನ ಮೇಲೆ ಹೋಗಿ ಬರುವವನು. ಆ ಬೈಕಿನ ಮೇಲೆ ನನಗಿದ್ದ ಪ್ರೀತಿಯನ್ನು ಹೆಂಡತಿಯ ಮುಂದೆ ಪೂರ್ತಿ ಹೇಳಿದ್ದರೆ ಸಂಸಾರ ಕೆಡುತ್ತಿತ್ತು.

ಅವಳೇ ಒಂದು ಚೀಟಿ ಬರೆದಳು. ನನ್ನ ಹೆಸರು, ರಕ್ತದ ಗುಂಪು, ಕೊಡಬಾರದ ಔಷಧಿ, ಅವಳ ಫೋನ್ ನಂಬರು. ಅದನ್ನು ಲ್ಯಾಮಿನೇಶನ್ ಮಾಡಿಸಿ ನನ್ನ ಪಾಕೀಟಿನಲ್ಲಿ ಇಟ್ಟಳು. ಇಬ್ಬರೂ ನಿಶ್ಚಿಂತರಾದೆವು. ವರ್ಷಗಟ್ಟಲೆ ಆ ಚೀಟಿ ಪಾಕೀಟಿನಲ್ಲಿ ಬೆವರು ಕುಡಿಯುತ್ತ ಕೂತಿತ್ತು.

ಅದರ ಪರೀಕ್ಷೆಯಾದದ್ದು ಒಂದು ಸಂಜೆ, ಶಾಲೆ ಬಿಟ್ಟು ಬರುವಾಗ. ಹಾದಿಯ ಒಂದು ಹಳ್ಳಿಯವರು ಮಧ್ಯಾಹ್ನವಷ್ಟೇ ಕಲ್ಲು ಮಣ್ಣು ಹಾಕಿ ರಸ್ತೆಗೆ ಅಡ್ಡ ಒಂದು ಹಂಪ್ ಎಬ್ಬಿಸಿದ್ದರು. ಬೆಳಿಗ್ಗೆ ಇರದಿದ್ದ ಹಂಪು ಸಂಜೆ ಇರುತ್ತದೆಂದು ನನಗೆ ಹೇಗೆ ಗೊತ್ತಾಗಬೇಕು? ಹಾರಿ ಬಿದ್ದೆ. ಕಣ್ಣು ಬಿಟ್ಟಾಗ ಒಂದು ದವಾಖಾನೆಯ ಮಂಚದ ಮೇಲಿದ್ದೆ. ಎದುರಿಗೆ ಒಬ್ಬರು ತುಂಬಿದ ಸಿರಿಂಜನ್ನು ಬೆಳಕಿಗೆ ಹಿಡಿದು ಉಗುರಿನಿಂದ ತಟ್ಟುತ್ತಿದ್ದರು. ಬಾಯಿಗೆ ಮಾತು ಬರಲಿಲ್ಲ. ಕೈ ಬೀಸಿ ಹೊಡೆದೆ. ಸಿರಿಂಜು ಗೋಡೆಗೆ ಬಡಿದು ಬಿತ್ತು.

"ಏನ್ರೀ, ಸೂಜಿಗಿ ಇಷ್ಟ ಅಂಜ್ತೀರಿ?" ಎಂದು ಡಾಕ್ಟರು ರೇಗಿದರು.

"ಚೀಟಿ... ಪಾಕೀಟಿನ್ಯಾಗ..." ಎಂದು ತೊದಲಿದೆ. ಅವರು ಕಿಸೆ ತಡವಿದರು. ಪಾಕೀಟು ಇರಲಿಲ್ಲ. ಫೋನೂ ಇರಲಿಲ್ಲ. ಕೈಗಡಿಯಾರ, ಹೆಲ್ಮೆಟ್ಟು, ಎದೆಗೆ ನೇತುಹಾಕಿಕೊಳ್ಳುವ ಶಾಲೆಯ ಗುರುತಿನ ಕಾರ್ಡು, ಯಾವುದೂ ಇರಲಿಲ್ಲ.

ಎಲ್ಲವೂ ಆ ಹಳ್ಳಿಯ ಚಹಾದ ಹೋಟೆಲಿನವನ ಹತ್ತಿರ ಭದ್ರವಾಗಿದ್ದವು. ನಮ್ಮ ಜನರ ರೀತಿಯೇ ಹಾಗೆ. ಬಿದ್ದವನ ಒಡವೆ ವಸ್ತು ಕಳೆದರೆ ಎತ್ತಿದವರ ಮೇಲೆ ಮಾತು ಬರುತ್ತದೆ. ಅದಕ್ಕೆ ಮೊದಲು ಎಲ್ಲವನ್ನೂ ಒಂದು ಟವೆಲಿನಲ್ಲಿ ಗಂಟು ಕಟ್ಟಿ, ಊರಲ್ಲಿ ನಂಬಿಗಸ್ತನೊಬ್ಬನ ಕೈಗೆ ಕೊಟ್ಟು, ಆಮೇಲೆ ಮನುಷ್ಯನನ್ನು ಎತ್ತುತ್ತಾರೆ. ಮರುದಿನ ಗಂಟು ತರಲು ಹೋದಾಗ ಆ ಪುಣ್ಯಾತ್ಮ ನನಗೆ ಚಹಾ ಕೊಟ್ಟು ಹೆಮ್ಮೆಯಿಂದ ಹೇಳಿದ:

"ನೋಡ್ಕೋರಿ ಸರ, ಒಂದು ಕಾಗದಾನೂ ಆಕಡಿ ಈಕಡಿ ಆಗಿಲ್ಲ. ಮಂದಿ ಪಾಕೀಟ ಬಿಚ್ಚಿ ನೋಡೂ ರೂಢಿ ನಮಗಿಲ್ಲ."

ಹೌದು, ಬಿಚ್ಚಿರಲಿಲ್ಲ. ನನ್ನ ಜೀವ ಉಳಿಸಬೇಕಾದ ಚೀಟಿ ಮುಟ್ಟಿದವರಿಲ್ಲದೆ ಅಲ್ಲೇ ಇತ್ತು. ಪ್ರಾಮಾಣಿಕತೆಯ ಮೇಲೆ ಸಿಟ್ಟು ಬಂದದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ. ಬಯ್ಯಲೂ ಆಗದೆ ಚಹಾ ಕುಡಿದು ಕೈ ಮುಗಿದು ಬಂದೆ.

ಮನೆಯಲ್ಲಿ ಹೆಂಡತಿ ಬೈಕಿನ ಕೀಲಿಯನ್ನು ಟೊಂಕಕ್ಕೆ ಸಿಗಿಸಿಕೊಂಡಿದ್ದಳು. "ಯಾರೂ ನಿಮ್ಮ ಮೈಮ್ಯಾಲಿಂದ ಬಿಚ್ಚಲಾರದಂಥಾದ್ದು ಏನರ ಇದ್ರ ಹೇಳ್ರಿ, ಅವತ್ತ ಕೀಲಿ ಕೊಡ್ತೀನಿ. ಅಲ್ಲಿ ತನಕ ಬಸ್ಸಿಗಿ ಹೋಗ್ರಿ" ಎಂದಳು. ಅವಳು ಕೂಗಾಡಿದ್ದರೆ ನಾನೂ ಕೂಗಾಡಿ ಕೀಲಿ ಇಸಿದುಕೊಳ್ಳುತ್ತಿದ್ದೆ. ಅವಳು ಕೂಗಾಡಲಿಲ್ಲ. ರಾತ್ರಿಯೆಲ್ಲ ಅತ್ತಿದ್ದಳೆಂದು ಕಣ್ಣು ಹೇಳುತ್ತಿದ್ದವು.

ಬಸ್ಸಿಗೆ ಹೋದೆ. ಹತ್ತನೆಯ ಕ್ಲಾಸಿನವರಿಗೆ ನಾನು ಶಾಲೆ ಶುರುವಾಗುವ ಮೊದಲು ಒಂದು ತಾಸು ಪಾಠ ಮಾಡುತ್ತಿದ್ದೆ, ಅದು ನಿಂತಿತು. ನಾನು ಇಳಿಯುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ಹೆಡ್ ಮಾಸ್ತರರು ಗಡಿಯಾರ ನೋಡುತ್ತಿರಲಿಲ್ಲ, ಆದರೆ ನನಗೆ ಕಾಣುವ ಹಾಗೆ ನೋಡದೆ ಇರುತ್ತಿದ್ದರು. ಬಸ್ಸಿನ ಕಿಟಕಿಯಲ್ಲಿ ಕೂತು, ನನ್ನನ್ನು ದಾಟಿ ಹೋಗುವ ಒಂದೊಂದು ಬೈಕನ್ನೂ ಹೊಟ್ಟೆ ಉರಿದುಕೊಂಡು ನೋಡುತ್ತಿದ್ದೆ.

ಉಪಾಯಗಳಿಗೆ ಕೊರತೆ ಇರಲಿಲ್ಲ. ಹೆಲ್ಮೆಟ್ಟಿನ ಮೇಲೆ ಬರೆಸುತ್ತೇನೆ ಎಂದೆ. "ಮೊದ್ಲ ತಗಿಯೂದ ಅದನ್ನ" ಎಂದಳು. ಬೈಕಿನ ಟ್ಯಾಂಕಿನ ಮೇಲೆ ಬರೆಸುತ್ತೇನೆ ಎಂದೆ. "ನಿಮ್ಮ ಗಾಡಿ ವಾರದಾಗ ಎಷ್ಟ ಮಂದಿ ಹೊಡೀತಾರ?" ಎಂದು ಕೇಳಿದಳು. ಎದುರು ಮನೆಯವರು, ಅವಳ ತಮ್ಮ, ನಮ್ಮ ಶಾಲೆಯ ಜವಾನ, ಯಾರು ಕೇಳಿದರೂ ಕೊಟ್ಟವನು ನಾನೇ. ಅವರಲ್ಲಿ ಯಾರಾದರೂ ಬಿದ್ದು, ನನ್ನ ಹೆಸರು ಹೇಳಿ ಇವಳಿಗೆ ಫೋನು ಬಂದರೆ? ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಒಂದು ಭಾನುವಾರ ನಮ್ಮವ್ವ ಪಡಸಾಲೆಯಲ್ಲಿ ಮೊರ ಹಿಡಿದು ತೊಗರಿಬೇಳೆ ಆರಿಸುತ್ತಿದ್ದಳು. ನಮ್ಮಿಬ್ಬರ ವಾದ ಕೇಳಿ ಕೇಳಿ ಅವಳಿಗೆ ಬೇಸತ್ತಿತ್ತು.

"ಉಡದಾರ ಕಟ್ಟಿಕೋ ಅಂತ ಹೇಳಿ ಹೇಳಿ ನನ್ನ ಬಾಯಿ ಸೋತೈತಿ" ಎಂದಳು, ಬೇಳೆಯಿಂದ ಕಣ್ಣೆತ್ತದೆ. "ಅಂಗಿ ಬಿಚ್ತಾರ, ಪಾಕೀಟ ತಗೀತಾರ, ಬೆರಳಾಗಿನ ಉಂಗರಾನೂ ತಗೀತಾರ. ಜೀವ ಇರೂತನ ಗಂಡಸಿನ ಉಡದಾರಕ್ಕ ಯಾರರ ಕೈ ಹಚ್ತಾರೇನು?"

ನಾನು ಹೆಂಡತಿಯ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು.

ಇಲ್ಲಿ ನನ್ನ ಒಂದು ಹಳೆಯ ಪಾಪ ಒಪ್ಪಿಕೊಳ್ಳಬೇಕು. ಧಾರವಾಡದ ಹಾಸ್ಟೆಲಿನಲ್ಲಿದ್ದಾಗ ನಾನು ಸೊಂಟದ ಉಡದಾರವನ್ನು ಬ್ಲೇಡಿನಿಂದ ಕತ್ತರಿಸಿ ಒಗೆದಿದ್ದೆ. ವಿಜ್ಞಾನ ಓದುವವನಿಗೆ ಕರಿದಾರ ಯಾಕೆ ಎಂದು ನಾಲ್ಕು ಜನರ ಮುಂದೆ ಭಾಷಣವನ್ನೂ ಮಾಡಿದ್ದೆ. ಊರಿಗೆ ಬಂದಾಗ ಸ್ನಾನದ ಹೊತ್ತಿಗೆ ಅವ್ವನಿಗೆ ಗೊತ್ತಾಗಿ, ಎರಡು ದಿನ ಮಾತು ಬಿಟ್ಟಿದ್ದಳು. ಅಂದಿನಿಂದ ಪ್ರತಿ ಹಬ್ಬಕ್ಕೂ ಹೊಸ ದಾರ ತಂದು ಇಡುವುದು ಅವಳು ಬಿಡಲಿಲ್ಲ, ಕಟ್ಟಿಕೊಳ್ಳದೆ ಇರುವುದು ನಾನು ಬಿಡಲಿಲ್ಲ. ಈಗ ತಲೆ ಕೂದಲು ಬೆಳ್ಳಗಾದ ಮೇಲೆ ಬೈಕಿನ ಆಸೆಗೆ ಬಿದ್ದು ಸೋಲೊಪ್ಪಬೇಕಾಯಿತು. ನಾಚಿಕೆಯಾಯಿತು. ಆದರೂ ಒಪ್ಪಿದೆ.

ದಾರಕ್ಕೆ ಕಾಗದ ಕಟ್ಟಲಾಗದು, ಸ್ನಾನದ ನೀರಿಗೆ ಕರಗುತ್ತದೆ. ಅದಕ್ಕೆ ದಾರಿ ತೋರಿಸಿದವಳು ಹೆಂಡತಿ. ಅವಳ ತವರು ಗಂಗಾವತಿ. ಅಲ್ಲಿನ ಪಾತ್ರೆ ಅಂಗಡಿಯೊಂದರ ಮುಂದೆ ಸ್ಟೂಲು ಹಾಕಿಕೊಂಡು, ಗುಂಯ್ ಎನ್ನುವ ಮಿಶಿನ್ನಿನಿಂದ ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಕೊರೆಯುವ ಒಬ್ಬರಿದ್ದಾರೆ. ನಮ್ಮ ಮದುವೆಯ ಕೊಡ, ತಾಟು, ಚರಿಗೆಗಳ ಮೇಲೆಲ್ಲ ಇರುವುದು ಅವರ ಅಕ್ಷರವೇ. ಇಬ್ಬರೂ ಬಸ್ಸಿನಲ್ಲಿ ಗಂಗಾವತಿಗೆ ಹೋದೆವು. ಎರಡು ಬೆರಳಗಲದ ಸ್ಟೀಲ್ ಬಿಲ್ಲೆಯೊಂದನ್ನು ಅವರು ಹುಡುಕಿ ತೆಗೆದು, ಮಿಶಿನ್ ಹಿಡಿದು ತಯಾರಾದರು.

"ಯಾರ ಹೆಸರು ಹಾಕ್ಲಿರಿ?"

"ನಂದ."

"ಇವರಿಂದ ಅಂತೇನು, ಇವರಿಗೆ ಅಂತೇನು?"

"ಎರಡೂ ಅಲ್ಲರಿ" ಎಂದು ಬರೆದು ತಂದ ಕಾಗದ ಕೊಟ್ಟೆ. ಓದಿದರು. ಮಿಶಿನ್ ಬಂದ್ ಮಾಡಿ ನನ್ನನ್ನು ಕಾಲಿನಿಂದ ತಲೆಯತನಕ ನೋಡಿದರು. ಆಮೇಲೆ ಕೂತು ಕೊರೆದರು. ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ, "ನೋವಿನ ಇಂಜೆಕ್ಷನ್ ಬೇಡ, ಪ್ರಾಣ ಹೋಗುತ್ತದೆ." ಅದರ ಕೆಳಗೆ ಔಷಧಿಯ ಹೆಸರು, ನನ್ನ ಹೆಸರು, ರಕ್ತದ ಗುಂಪು, ಹೆಂಡತಿಯ ನಂಬರು. ಕೊನೆಗೆ ಮೂಲೆಯಲ್ಲಿ ಒಂದು ಸಣ್ಣ ಹೂವನ್ನೂ ಬಿಡಿಸಿದರು. ಹೂವು ಯಾಕೆ ಎಂದೆ. "ಜಾಗ ಖಾಲಿ ಬಿಟ್ರ ಛಂದ ಕಾಣಂಗಿಲ್ರಿ" ಎಂದರು.

ಸೋಮವಾರ ಸ್ನಾನವಾದ ಮೇಲೆ ಅವ್ವ ಹೊಸ ಕರಿದಾರಕ್ಕೆ ಬಿಲ್ಲೆ ಪೋಣಿಸಿ ನನ್ನ ಸೊಂಟಕ್ಕೆ ಕಟ್ಟಿದಳು. ಮೂರು ಗಂಟು ಹಾಕಿ, ಎಳೆದೆಳೆದು ನೋಡಿದಳು. ಅವಳ ಮುಖದ ಮೇಲಿನ ಗೆಲುವನ್ನು ನಾನು ನೋಡದ ಹಾಗೆ ಗೋಡೆ ನೋಡುತ್ತ ನಿಂತಿದ್ದೆ. ಹೆಂಡತಿ ಟೊಂಕದಿಂದ ಕೀಲಿ ತೆಗೆದು ಕೊಟ್ಟಳು. "ಇನ್ನೊಮ್ಮೆ ಬಿದ್ದು ಇದೂ ಕೆಲಸಕ್ಕ ಬರಲಿಲ್ಲಂದ್ರ, ಗಾಡಿ ಮಾರೂದ" ಎಂದೂ ಸೇರಿಸಿದಳು. ಶಾಲೆಯಲ್ಲಿ ಸುದ್ದಿ ಹಬ್ಬಿ, ಜೊತೆಯ ಮಾಸ್ತರರು "ಸರ್ಗೆ ಐಎಸ್‌ಐ ಮುದ್ರಿ ಬಿದ್ದೈತಿ" ಎಂದು ತಿಂಗಳುಗಟ್ಟಲೆ ಆಡಿಕೊಂಡರು. ಆಡಿಕೊಳ್ಳಲಿ. ನನ್ನ ಬೆಳಗಿನ ಪಾಠ ಮತ್ತೆ ಶುರುವಾಗಿತ್ತು.

ಎರಡನೆಯ ಸಲ ಬಿದ್ದದ್ದು ಚಳಿಗಾಲದಲ್ಲಿ, ತರಬೇತಿಗೆಂದು ಯಲಬುರ್ಗಾಕ್ಕೆ ಹೋಗುವಾಗ. ರಸ್ತೆಯ ಮೇಲೆ ಹುರುಳಿ ಹರವಿದ್ದರು. ಗಾಡಿಗಳ ಗಾಲಿಗೆ ಸಿಕ್ಕಿ ಕಾಳು ಬಿಡಲೆಂದು ರೈತರು ಹಾಗೆ ಹರವುವುದು ಹೊಸದಲ್ಲ, ನಾನು ನಿಧಾನವಾಗಿಯೇ ದಾಟುತ್ತಿದ್ದೆ. ಹಿಂದಿನ ಗಾಲಿ ಜಾರಿತು. ಎಡಭುಜದ ಮೇಲೆ ಬಿದ್ದು, ತಲೆ ರಸ್ತೆಗೆ ಅಪ್ಪಳಿಸಿತು. ಹೆಲ್ಮೆಟ್ಟು ಇದ್ದುದಕ್ಕೆ ತಲೆ ಉಳಿಯಿತು. ಕೇರುತ್ತಿದ್ದ ಮುದುಕಿಯೊಬ್ಬಳು "ಅಯ್ಯ ಯಪ್ಪಾ" ಎಂದು ಓಡಿ ಬಂದದ್ದು ನೆನಪಿದೆ. ಆಮೇಲಿನದು ನೆನಪಿಲ್ಲ.

ಎಚ್ಚರ ಪೂರ್ತಿ ಬರುವ ಮೊದಲು ಮಾತು ಕೇಳಿಸಿದವು. ಯಾವುದೋ ಹಳ್ಳಿಯ ದವಾಖಾನೆಯಲ್ಲಿ ನನ್ನನ್ನು ಮಗ್ಗುಲಿಗೆ ಮಲಗಿಸಿದ್ದರು. ಸ್ಪಿರಿಟಿನ ವಾಸನೆ. ಯಾರೋ ನನ್ನ ಬೆಲ್ಟು ಸಡಿಲಿಸುತ್ತಿದ್ದರು. ಏನು ನಡೆಯುತ್ತಿದೆಯೆಂದು ಗೊತ್ತಾಗಿ ಕೂಗಬೇಕೆಂದೆ, ನಾಲಿಗೆ ಏಳಲಿಲ್ಲ. ಕೈ ಎತ್ತಬೇಕೆಂದೆ, ಎಡಗೈ ನನ್ನದೇ ಅಲ್ಲದಂತಿತ್ತು, ಬಲಗೈ ನನ್ನ ಕೆಳಗೇ ಸಿಕ್ಕಿಕೊಂಡಿತ್ತು. ಆ ಕ್ಷಣದಷ್ಟು ನಾನು ಯಾವತ್ತೂ ಹೆದರಿಲ್ಲ. ಪ್ಯಾಂಟು ಸೊಂಟದಿಂದ ನಾಲ್ಕು ಬೆರಳು ಕೆಳಗೆ ಸರಿಯಿತು.

"ಸರ, ಇಲ್ಲಿ ಬರ್ರಿ" ಎಂದಿತು ಕಾಂಪೌಂಡರನ ದನಿ. "ಇವರ ಉಡದಾರದಾಗ ಏನೋ ಬರದೈತಿ."

ನನ್ನನ್ನು ಕರೆತಂದ ಮುದುಕಿ ಬಗ್ಗಿ ನೋಡಿದಳು. "ಪಾತ್ರಿ ಮ್ಯಾಲ ಹಾಕ್ಸಿದಂಗ ಹೆಸರ ಹಾಕ್ಸ್ಯಾನಲ್ಲೋ ಯಪ್ಪಾ! ಯಾರರ ಮದಿವ್ಯಾಗ ಮುಯ್ಯಿ ಬಂದಾನೇನು ಇಂವ?"

ಡಾಕ್ಟರು ಹತ್ತಿರ ಬಂದು ಗಟ್ಟಿಯಾಗಿ ಓದಿದರು. ಮೊದಲ ಸಾಲು ಮುಗಿಯುತ್ತಿದ್ದಂತೆ ಅವರ ದನಿ ಏರಿತು. "ಏ, ತಗಿ! ಸೂಜಿ ತಗಿ ಆಕಡಿ! ಆ ಔಷಧಿ ಮುಟ್ಟಬ್ಯಾಡ!"

ನೋವಿನ ಇಂಜೆಕ್ಷನ್ ಎಲ್ಲಿ ಮಾಡುತ್ತಾರೋ ಸರಿಯಾಗಿ ಅಲ್ಲೇ ಉಡದಾರ ಇರುತ್ತದೆಂಬುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅವ್ವನಿಗೂ ಹೊಳೆದಿರಲಿಲ್ಲ. ಯಾರೂ ಬಿಚ್ಚುವುದಿಲ್ಲ ಎಂದಷ್ಟೇ ನಾವು ಲೆಕ್ಕ ಹಾಕಿದ್ದು. ಸೂಜಿ ಹಿಡಿದವನು ಅದನ್ನು ಓದದೆ ಮುಂದೆ ಹೋಗಲಾರ ಎಂಬುದು ಆ ಮಂಚದ ಮೇಲೆ ನನಗೆ ತಿಳಿಯಿತು. ನಗು ಬಂತು. ನಕ್ಕರೆ ಭುಜ ಪ್ರಾಣ ಹಿಂಡುತ್ತಿತ್ತು, ಆದರೂ ನಕ್ಕೆ. ಗೆದ್ದಿದ್ದೆ. ಕಣ್ಣಲ್ಲಿ ನೀರು ಬಂದು ಕಿವಿಗೆ ಇಳಿಯಿತು.

ಡಾಕ್ಟರು ಬಿಲ್ಲೆಯ ನಂಬರಿಗೆ ಫೋನು ಮಾಡಿ, ನನಗೆ ಒಗ್ಗುವ ಔಷಧಿ ಯಾವುದೆಂದು ಹೆಂಡತಿಯನ್ನೇ ಕೇಳಿ ಕೊಟ್ಟರು. ಭುಜದ ಎಲುಬು ಮುರಿದಿತ್ತು, ಕೈಯನ್ನು ಕೊರಳಿಗೆ ಕಟ್ಟಿದರು. ಎದ್ದು ಕೂತಾಗ ಮುದುಕಿ ಸೆರಗಿನ ತುದಿಯ ಗಂಟು ಮುಂದೆ ಹಿಡಿದಳು. ಪಾಕೀಟು, ಫೋನು, ಬೈಕಿನ ಕೀಲಿ ಅದರಲ್ಲಿದ್ದವು. "ನಾ ಏನೂ ಬಿಚ್ಚಿ ನೋಡಿಲ್ಲಪಾ, ಆಣಿ ಮಾಡಿ ಹೇಳ್ತೀನಿ" ಎಂದಳು. ಈ ಸಲ ನನಗೆ ಸಿಟ್ಟು ಬರಲಿಲ್ಲ. ಇದ್ದ ಒಂದು ಕೈಯಿಂದಲೇ ಅವಳ ಕಾಲು ಮುಟ್ಟಿದೆ.

ಒಂದು ತಾಸಿನಲ್ಲಿ ಬಾಡಿಗೆ ಗಾಡಿ ಮಾಡಿಕೊಂಡು ಹೆಂಡತಿ, ಅವ್ವ ಇಬ್ಬರೂ ಬಂದರು. ಅವ್ವ ನನ್ನ ಭುಜ ನೋಡಲಿಲ್ಲ. ಎಲ್ಲರ ಮುಂದೆ ನನ್ನ ಅಂಗಿ ಎತ್ತಿ, ಉಡದಾರದ ಗಂಟು ಎಣಿಸಿ, "ಮೂರೂ ಅದಾವ" ಎಂದು ಡಾಕ್ಟರಿಗೇ ಹೇಳಿದಳು. ಹೆಂಡತಿ ಬಿಲ್ಲೆಯನ್ನು ಬೆರಳಲ್ಲಿ ಹಿಡಿದು, ಅದರ ಮೇಲಿನ ಮಣ್ಣನ್ನು ಸೆರಗಿನಿಂದ ಒರೆಸಿದಳು. ಮಂಚದ ಮೇಲಿದ್ದ ಕೀಲಿ ತೆಗೆದು ಟೊಂಕಕ್ಕೆ ಸಿಗಿಸಿದಳು. ಜೀವ ಉಳಿಯಿತು, ಗಾಡಿ ಹೋಯಿತು ಎಂದುಕೊಂಡೆ.

ಅವಳು ಬಾಗಿಲಿಗೆ ಹೋಗಿ, ನನ್ನನ್ನು ತಂದು ಹಾಕಿದ್ದ ಟಂಟಂ ಆಟೋದವನನ್ನು ಕರೆದಳು. "ಗಾಡಿ ಇನ್ನೂ ರಸ್ತಾದಾಗ ಬಿದ್ದೈತೇನ್ರಿ? ಅದನ್ನ ಹಾಕ್ಕೊಂಡು ಬಂದು ಕುಕನೂರಾಗ ಗ್ಯಾರೇಜಿಗೆ ಇಳಸ್ರಿ. ನಮ್ಮವರ ಕೈ ಕೂಡೂದ್ರೊಳಗ ರಿಪೇರಿ ಆಗಿರಬೇಕು, ಹತ್ತನೆತ್ತಿ ಹುಡುಗರಿಗೆ ಪರೀಕ್ಷಿ ಬಂದಾವ."

ಆಮೇಲೆ ಒಳಗೆ ಬಂದು, ಭುಜದ ಎಲುಬು ಕೂಡಲು ಎಷ್ಟು ದಿನ ಬೇಕೆಂದು ಡಾಕ್ಟರನ್ನು ಕೇಳಿದಳು.