ಬಸಿದ ನೀರು

ನಮ್ಮ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೇನೆ. ಕಿಡ್ನಿ ಕೈಕೊಟ್ಟ ಮೇಲೆ ನಮ್ಮವರು ಏನು ತಿನ್ನಬಹುದು, ಏನು ತಿನ್ನಬಾರದು ಎಂದು ಆಸ್ಪತ್ರೆಯ ಡಯಟೀಷಿಯನ್ ಹುಡುಗಿ ಬರೆದುಕೊಟ್ಟದ್ದು. ತಿನ್ನಬಹುದಾದದ್ದು ನಾಲ್ಕು ಸಾಲು. ಬೇಡವಾದದ್ದು ಹಾಳೆಯ ಹಿಂಬದಿಗೂ ಹೋಗಿದೆ. ಬಾಳೆಹಣ್ಣು ಬೇಡ, ಬೊಂಡದ ಎಳನೀರು ಬೇಡ, ಹರಿವೆ ಸೊಪ್ಪು ಬೇಡ, ಉಪ್ಪಿನಕಾಯಿಯ ಹೆಸರೇ ಎತ್ತಬೇಡ. ಕುಡಿಯುವ ನೀರು ಕೂಡ ಅಳತೆಯದ್ದು. ಬಿ.ಸಿ.ರೋಡಿನಲ್ಲಿ ಇಪ್ಪತ್ತು ವರ್ಷ ಹೋಟೆಲು ನಡೆಸಿ ಊರಿಗೆಲ್ಲ ಬಡಿಸಿದ ಮನುಷ್ಯನಿಗೆ ಈ ಹಾಳೆ.

ವಾರಕ್ಕೆ ಮೂರು ದಿನ ಡಯಾಲಿಸಿಸ್. ಅದರಲ್ಲಿ ಮೈಯ ಪ್ರೋಟೀನು ಸೋರಿಹೋಗುತ್ತದೆ ಎಂದು ಬೆಳಿಗ್ಗೆ ಮೊಟ್ಟೆಯ ಬಿಳಿ, ಜೊತೆಗೆ ಡಬ್ಬಿಯ ಪ್ರೋಟೀನ್ ಪುಡಿ. “ಗೋಡೆಗೆ ಬಳಿಯುವ ಸುಣ್ಣದ ಹಾಗೆ ಉಂಟು” ಎಂದು ಮುಖ ತಿರುಗಿಸುವವರನ್ನು ಗದರಿಸಿ ಕುಡಿಸಿ, ನಾನು ಪುಂಜಾಲಕಟ್ಟೆಯ ಬಸ್ಸಿಗೆ ಓಡಬೇಕು. ಅಲ್ಲಿಯ ಶಾಲೆಯೊಂದರಲ್ಲಿ ನಾನು ಟೀಚರು. ಮಧ್ಯಾಹ್ನದ ಅಡುಗೆ ಅತ್ತೆಯದು. ತರಕಾರಿಯಲ್ಲಿ ಪೊಟ್ಯಾಸಿಯಂ ಇರುತ್ತದೆ, ಬೇಯಿಸಿದರೆ ಅದು ನೀರಿಗೆ ಇಳಿಯುತ್ತದೆ, ರಕ್ತದಲ್ಲಿ ಅದು ಏರಿದರೆ ಹೃದಯ ನಿಂತೇ ಹೋಗಬಹುದು ಎಂದು ನನಗೆ ಡಾಕ್ಟರು ಹೇಳಿದ್ದರು. ಅತ್ತೆಗೆ ಅಷ್ಟೆಲ್ಲ ವಿವರಿಸಲು ನನಗೆ ಪುರುಸೊತ್ತು ಇರಲಿಲ್ಲ. “ಬೇಯಿಸಿ ನೀರು ಬಸಿಯಿರಿ” ಎಂದಷ್ಟೇ ಹೇಳಿದ್ದೆ.

ನನ್ನ ಯುದ್ಧವೆಲ್ಲ ನೆಂಟರ ಜೊತೆ. ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಬೊಂಡದ ಗೊನೆಯನ್ನೇ ರಿಕ್ಷಾದಿಂದ ಇಳಿಸುತ್ತಾರೆ. ಅದು ಇವರಿಗೆ ವಿಷ ಎಂದರೆ, “ದೇವರು ಕೊಟ್ಟ ನೀರು, ಅದರಲ್ಲಿ ಎಂತ ವಿಷ?” ಎಂದು ನನ್ನನ್ನೇ ಮಿಕಿಮಿಕಿ ನೋಡುತ್ತಾರೆ. ಕನ್ಯಾನದಿಂದ ಬಂದ ಇವರ ಅಕ್ಕ ತಂದ ನಾಲ್ಕು ಬೊಂಡವನ್ನು ಅವರೆದುರೇ ಕೆತ್ತಿ ನಾನೂ ಅತ್ತೆಯೂ ಕುಡಿದು ಮುಗಿಸಿದ್ದೆವು. ಅಕ್ಕ ಊಟಕ್ಕೆ ನಿಲ್ಲಲಿಲ್ಲ.

ಅದಾಗಿ ಒಂದು ವಾರಕ್ಕೆ ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಸಿಕ್ಕಾಪಟ್ಟೆ ಏರಿತ್ತು. ಇವರನ್ನು ಆಸ್ಪತ್ರೆಯಲ್ಲೇ ಮಲಗಿಸಿ, ಎದೆಗೆ ವಯರು ಅಂಟಿಸಿದರು. “ಇನ್ನೂ ಸ್ವಲ್ಪ ತಡವಾಗಿದ್ದರೆ ಕಷ್ಟ ಇತ್ತು. ಏನು ಕೊಟ್ಟಿರಿ ಮನೆಯಲ್ಲಿ?” ಎಂದು ಡಾಕ್ಟರು ಎಲ್ಲರೆದುರು ಕೇಳಿದರು. ನಾನು ವರಾಂಡಕ್ಕೆ ಬಂದು ಅಕ್ಕನಿಗೆ ಫೋನು ಹಚ್ಚಿದೆ. ನಾನಿಲ್ಲದಾಗ ಬೊಂಡ ಕಳಿಸಿ ತಮ್ಮನನ್ನು ಕೊಲ್ಲಲು ಹೊರಟಿದ್ದೀರಾ ಎಂದೆ. ಅವರು ಅತ್ತರು. ನನಗೆ ಕರುಣೆ ಬರಲಿಲ್ಲ. ದಣಿದವರಿಗೆ ಕರುಣೆ ಸುಲಭದಲ್ಲಿ ಬರುವುದಿಲ್ಲ.

ಮರುದಿನ ಮಧ್ಯಾಹ್ನ ಇವರ ಬಟ್ಟೆ ಒಯ್ಯಲು ಮನೆಗೆ ಬಂದೆ. ಅತ್ತೆ ಅಡುಗೆಮನೆಯಲ್ಲಿ ಅಲಸಂಡೆ ಬೇಯಿಸಿದ ನೀರನ್ನು ಎಚ್ಚರದಿಂದ ಬಸಿಯುತ್ತಿದ್ದರು. ಬಸಿದದ್ದು ಸೀದಾ ಫ್ಲಾಸ್ಕಿನೊಳಗೆ. ಮೇಲೆ ಒಂದು ಚಿಟಿಕೆ ಉಪ್ಪು.

“ಇದು ಯಾರಿಗೆ?” ಎಂದೆ.

“ಅವನಿಗೆ. ದಿನಾ ಒಂದು ಲೋಟ ಕೊಡ್ತೇನಲ್ಲ. ಆಸ್ಪತ್ರೆ ಊಟದಲ್ಲಿ ಎಂತ ಶಕ್ತಿ ಉಂಟು?”

“ನೀರು ಬಸಿಯಬೇಕು ಅಂತ ಹೇಳಿದ್ದೆನಲ್ಲ ಅತ್ತೆ!”

“ಬಸಿದಿದ್ದೇನಲ್ಲ. ಚೆಲ್ಲಲಿಕ್ಕೆ ನೀನು ಯಾವಾಗ ಹೇಳಿದ್ದು?”

ಹೇಳಿರಲಿಲ್ಲ. ನಮ್ಮ ಮನೆಗಳಲ್ಲಿ ಕುಚ್ಚಲಕ್ಕಿ ಬಸಿದ ತಿಳಿ ಮೊದಲು ಹೋಗುವುದು ಬಾಣಂತಿಗೆ, ಜ್ವರದವರಿಗೆ. ನನಗೆ ಜ್ವರ ಬಂದಾಗ ಅತ್ತೆ ಅದನ್ನೇ ಕುಡಿಸಿ ಎಬ್ಬಿಸಿದವರು. ಸತ್ವ ಇರುವ ನೀರನ್ನು ಅವರು ಯಾಕಾದರೂ ಚೆಲ್ಲುತ್ತಾರೆ? ವಿಷಯ ತಿಳಿಸಿದಾಗ ಅತ್ತೆ ಫ್ಲಾಸ್ಕನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲೇ ನೆಲಕ್ಕೆ ಕೂತರು. ನಾನು ಅಕ್ಕನಿಗೆ ಫೋನು ಮಾಡಿ ತಪ್ಪಾಯಿತು ಎಂದೆ. “ಆಯ್ತು ಬಿಡು” ಎಂದರು. ದನಿಯಲ್ಲಿ ಮಾತ್ರ ಮುನಿಸು ಹಾಗೇ ಇತ್ತು.

ಆಸ್ಪತ್ರೆಗೆ ಹೋಗಿ ಇವರಿಗೆ ಎಲ್ಲ ಹೇಳಿದೆ. ಇವರು ಫ್ಯಾನು ನೋಡುತ್ತಾ ಮಲಗಿದ್ದರು.

“ನನಗೆ ಗೊತ್ತಿತ್ತು. ಹೋಟೆಲು ನಡೆಸಿದವನಿಗೆ ಅಲಸಂಡೆ ನೀರಿನ ರುಚಿ ಗೊತ್ತಾಗುದಿಲ್ವಾ ಮಾರಾಯ್ತಿ?”

“ಮತ್ತೆ ಯಾಕೆ ಕುಡಿದದ್ದು? ಸಾಯ್ಲಿಕ್ಕಾ?”

“ಸಾಯ್ಲಿಕ್ಕೆ ಅಲ್ಲ. ಮನೆಯಲ್ಲಿ ಎಲ್ಲರೂ ನನಗೆ ಬೇಡ ಹೇಳುವವರೇ. ಕುಡಿ ಅಂತ ಬಾಯಿ ತುಂಬ ಹೇಳುದು ಅಮ್ಮ ಒಬ್ಬಳೇ.”

ಸಿಟ್ಟು ಬಂತು. ಕೆನ್ನೆಗೆ ಬಾರಿಸುವಷ್ಟು ಬಂತು. ಬೈಯಲು ಬಾಯಿ ತೆರೆದವಳು ಸ್ಟೂಲು ಎಳೆದು ಕೂತೆ. ಎಂಟು ತಿಂಗಳಿಂದ ಇವರನ್ನು ಉಳಿಸಿಕೊಳ್ಳಲು ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಆ ಎಂಟು ತಿಂಗಳಲ್ಲಿ ಒಂದು ದಿನವೂ ನಾನು ಇವರಿಗೆ ಇನ್ನೊಂದು ತುತ್ತು ಉಣ್ಣಿ ಎಂದಿರಲಿಲ್ಲ.