ಹಲಗೆಯಣ್ಣ ಅಳಿಸಿದ ನಂಬರುಗಳು

ನಮ್ಮ ಕ್ರೀಡಾಂಗಣದಲ್ಲಿ ಸೋಮವಾರ ಬ್ಯಾಸ್ಕೆಟ್‌ಬಾಲ್, ಬುಧವಾರ ನೌಕರಿಯ ಪರೀಕ್ಷೆ, ಶನಿವಾರ ಹಾಡು ಕುಣಿತ, ಚುನಾವಣೆ ಬಂದರೆ ಮತ ಎಣಿಕೆ. ಪ್ರತಿ ಸಲವೂ ಆಟದ ಮರದ ನೆಲವನ್ನು ಬಿಚ್ಚಬೇಕು, ಮತ್ತೆ ಜೋಡಿಸಬೇಕು. ಇನ್ನೂರ ಹದಿನಾರು ಹಲಗೆ. ಆ ಕೆಲಸ ಹಲಗೆಯಣ್ಣನದು. ಟಿಕೆಟ್ ಕಿಟಕಿಯಲ್ಲಿ ಕೂತು ಹನ್ನೆರಡು ವರ್ಷ ಅವನನ್ನು ನೋಡಿದ್ದೇನೆ. ಅಷ್ಟು ಬುದ್ಧಿವಂತ, ಅಷ್ಟೇ ಪೆದ್ದನಾದ ಮನುಷ್ಯನನ್ನು ಬೇರೆಲ್ಲೂ ಕಂಡಿಲ್ಲ.

ಗುತ್ತಿಗೆಯವರನ್ನು ಮನೆಗೆ ಕಳಿಸುತ್ತಾರೆಂಬ ಸುದ್ದಿ ಹಬ್ಬಿದ ವರ್ಷ ಅವನೊಂದು ಕಿತಾಪತಿ ಮಾಡಿದ. ಹಲಗೆಗಳ ಅಡಿಯಲ್ಲಿದ್ದ ನಂಬರುಗಳನ್ನೆಲ್ಲ ಉಜ್ಜಿ ಅಳಿಸಿಬಿಟ್ಟ. ಯಾವುದರ ಪಕ್ಕ ಯಾವುದು ಕೂರುತ್ತದೆಂಬುದು ಅವನ ತಲೆಯಲ್ಲಿ ಮಾತ್ರ ಉಳಿಯಿತು. ಮೂವತ್ತು ಜನ ಹೋದರು, ಇವನು ಉಳಿದ. ಕ್ರೀಡಾಂಗಣದಲ್ಲಿ ನನಗೊಬ್ಬನಿಗೇ ಗುಟ್ಟು ಹೇಳಿ ಬೀಗಿದ. ನಾನೂ ಬೆನ್ನು ತಟ್ಟಿದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಆಮೇಲೆ ನರ್ಸಾಗಿದ್ದ ಅವನ ಹೆಂಡತಿಗೆ ದೂರದ ಊರಿನ ಆಸ್ಪತ್ರೆಗೆ ವರ್ಗವಾಯಿತು. ಮಗಳನ್ನೂ ಕರೆದುಕೊಂಡು ಹೋಗಿ, ಇವನು ಬಂದಮೇಲೆ ಮನೆ ಹಿಡಿಯೋಣವೆಂದು ಆಸ್ಪತ್ರೆಯ ಹಾಸ್ಟೆಲಿನಲ್ಲಿ ಉಳಿದಳು. ಅಲ್ಲಿರುವ ನಮ್ಮ ಇಲಾಖೆಯದೇ ಈಜುಕೊಳದಲ್ಲಿ ಒಂದು ಜಾಗ ಖಾಲಿಯಿತ್ತು. ಇವನು ವರ್ಗ ಕೇಳಿದರೆ ಮ್ಯಾನೇಜರು, ನೀನು ಹೋದರೆ ನೆಲ ಹಾಕುವವರು ಯಾರಪ್ಪ ಎಂದು ನಕ್ಕು ಅರ್ಜಿ ವಾಪಸು ಕೊಟ್ಟರು. ಮೂರು ವರ್ಷ, ಮೂರು ಅರ್ಜಿ. ಗ್ಯಾಲರಿಯ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ ಅವನೊಬ್ಬನೇ ಉಣ್ಣುತ್ತಿದ್ದ, ತಲೆಯ ಮೇಲೆ ಸಾವಿರಾರು ಜನ ಕಾಲು ಕುಟ್ಟುತ್ತಿದ್ದರು. 

ಹೋದ ತಿಂಗಳು ಹೆಂಡತಿ ಕಡ್ಡಿ ಮುರಿದಂತೆ ಹೇಳಿದಳಂತೆ: ನಂಬರು ಬರೆದುಕೊಡಿ, ವರ್ಗ ಕೊಟ್ಟರೆ ಸರಿ, ಕೆಲಸದಿಂದಲೇ ತೆಗೆದರೂ ಬಂದುಬಿಡಿ, ನನ್ನ ಸಂಬಳದಲ್ಲಿ ಬದುಕೋಣ. ತಿಂಗಳ ಕೊನೆಯವರೆಗೆ ಕಾಯುತ್ತೇನೆ.

ತಿಂಗಳ ಕೊನೆಯ ಸೋಮವಾರ ಅವನು ಬಣ್ಣದ ಡಬ್ಬಿ ತಂದ. ಅವನು ಹಲಗೆ ಮಗುಚಿ ನಂಬರು ಹೇಳುವುದು, ನಾನು ಬರೆಯುವುದು. ನಲವತ್ತರವರೆಗೆ ಸಲೀಸಾಗಿ ಬಂತು. ಅಷ್ಟರಲ್ಲಿ ಮ್ಯಾನೇಜರು ಬಂದು ನೋಡಿ ಖುಷಿಪಟ್ಟರು. “ಒಳ್ಳೇದಾಯ್ತು ಕಣಯ್ಯಾ, ಇನ್ಮೇಲೆ ಯಾರು ಬೇಕಾದ್ರೂ ಹಾಕಬಹುದು.”

ಅವರು ಹೋದ ಮೇಲೆ ಹಲಗೆಯಣ್ಣ ನಲವತ್ತೊಂದನೆಯದನ್ನು ಮಗುಚದೆಯೇ ಕೂರಿಸಿದ. ನಂಬರು ಹೇಳೋ ಎಂದೆ.

“ನೆನಪಾಗ್ತಿಲ್ಲ.”

ಹಸಿ ಸುಳ್ಳು. ಕುಂಚ ಎಸೆದು ಬಾಯಿಗೆ ಬಂದಂತೆ ಬೈದೆ. ಅವನು ಉಳಿದ ಹಲಗೆಗಳನ್ನೂ ಒಂದಿಷ್ಟೂ ಸಂದು ಬಿಡದೆ ಜೋಡಿಸಿ ಮುಗಿಸಿದ.

ಸಂಜೆ ನನ್ನ ಕಿಟಕಿಯ ಬಳಿ ನಿಂತು ಹೆಂಡತಿಗೆ ಫೋನು ಮಾಡಿದ. ಈ ಸಲ ಪಂದ್ಯಗಳು ಜಾಸ್ತಿ, ಮುಂದಿನ ತಿಂಗಳು ಖಂಡಿತ ಎಂದ. ಅವಳ ದನಿ ನನಗೂ ಕೇಳಿಸಿತು.

“ಗೊತ್ತಿತ್ತು ಬಿಡಿ. ನಿನ್ನೆಯೇ ಮನೆ ಹಿಡಿದೆ. ಒಂದೇ ರೂಮು, ನನಗೂ ಮಗಳಿಗೂ ಸಾಕು.”