ಜಗತ್ತನ್ನು ಉಳಿಸುವವರ ಕನ್ನಡ

ಮುಂಬೈಯಲ್ಲಿ ನನಗೆ ಸಿಕ್ಕ ಮೊದಲ ಕೆಲಸ ಸೇತುವೆಯಿಂದ ಬಿದ್ದು ಸಾಯುವುದು. ಗೋಡೆಗೆಲ್ಲ ಸ್ಪಂಜು ಹೊಡೆದ, ಗಾಳಿಯಾಡದ ಒಂದು ಕೋಣೆ. ಕಿವಿಗೆ ಹೆಡ್‌ಫೋನು. ಎದುರಿನ ಪರದೆಯ ಮೇಲೆ ಯಾವುದೋ ದೇಶದ ಸೇತುವೆ ಮುರಿಯುತ್ತದೆ. ತಲೆಗೆ ಬಟ್ಟೆ ಕಟ್ಟಿಕೊಂಡ ಕಂದು ಬಣ್ಣದ ಒಬ್ಬ ಹೆಂಗಸು ಕೂಸನ್ನು ಅವಚಿಕೊಂಡು ಕೆಳಗೆ ಬೀಳುತ್ತಾಳೆ. ಅವಳ ಬದಲು ನಾನು ಕನ್ನಡದಲ್ಲಿ ಚೀರಬೇಕು. ಚೀರಿದೆ. ಹಾರಿಬಂದ ನಾಯಕ ಕೂಸನ್ನು ಹಿಡಿದುಕೊಂಡ, ಹೆಂಗಸನ್ನು ಬಿಟ್ಟುಬಿಟ್ಟ. ಕಥೆಗೆ ಅವಳು ಬೇಕಾಗಿರಲಿಲ್ಲ. ಗಾಜಿನ ಆಚೆ ಕುಳಿತಿದ್ದ ಡಬ್ಬಿಂಗ್ ನಿರ್ದೇಶಕರು ಮೈಕಿನಲ್ಲಿ, "ಚೆನ್ನಾಗಿ ಕಿರುಚ್ತೀರಮ್ಮ, ನಾಳೆನೂ ಬನ್ನಿ" ಎಂದರು.

ನಾನು ಇಳಕಲ್ಲಿನವಳು, ಹೆಸರು ನೀಲವ್ವ. ಅಪ್ಪನದು ಸೀರೆ ನೇಯುವ ಮಗ್ಗ. ನನ್ನನ್ನು ಸಾಕಿದ ಚಿಗವ್ವ, ಎಂದರೆ ಚಿಕ್ಕಮ್ಮ, ಗ್ರಾನೈಟ್ ಪಾಲಿಶ್ ಕಾರ್ಖಾನೆಗೆ ಹೋಗುತ್ತಾಳೆ. ಹುನಗುಂದದ ಕಾಲೇಜಿನಲ್ಲಿ ಓದುವಾಗ ಯಾವ ಕಾರ್ಯಕ್ರಮವಿದ್ದರೂ ಮೈಕು ನನ್ನ ಕೈಗೇ ಬರುತ್ತಿತ್ತು. ಮದುವೆಯಾದ ಮೇಲೆ ನಮ್ಮ ಮನೆಯವರಿಗೆ ಮುಂಬೈಯ ಕಲ್ಲಿನ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ಇಳಕಲ್ಲಿನ ಕೆಂಪು ಕಲ್ಲು ಅಲ್ಲಿಗೂ ಲಾರಿಯಲ್ಲಿ ಬರುತ್ತದೆ. ಕಲ್ಲಿನ ಹಿಂದೆಯೇ ನಾವೂ ಹೋದೆವು. ಅಲ್ಲಿನ ಕನ್ನಡ ಸಂಘದ ಬಸವ ಜಯಂತಿಯಲ್ಲಿ ನಾನು ನಿರೂಪಣೆ ಮಾಡಿದ್ದನ್ನು ಕೇಳಿ ಈ ನಿರ್ದೇಶಕರು, ಪ್ರಸನ್ನ ಸರ್, ನನ್ನನ್ನು ಸ್ಟುಡಿಯೋಕ್ಕೆ ಕರೆದಿದ್ದರು.

ಊರು ಬಿಡುವಾಗ ನನಗಿದ್ದ ದೊಡ್ಡ ಹೆದರಿಕೆ ಮರಾಠಿಯದು. ನಮಗೆ ಸಿಕ್ಕದ್ದು ಚಾಳಿನಲ್ಲಿ ಒಂದು ಮನೆ. ಒಂದೇ ಉದ್ದನೆಯ ಪಡಸಾಲೆಗೆ ಸಾಲಾಗಿ ಬಾಗಿಲು ತೆರೆದ, ಒಂದೊಂದೇ ಕೋಣೆಯ ಮನೆಗಳಿಗೆ ಅಲ್ಲಿ ಚಾಳ ಅನ್ನುತ್ತಾರೆ. ಇಳಕಲ್ಲಿನಲ್ಲಿ ನಮ್ಮ ಮಗ್ಗವೇ ಅದಕ್ಕಿಂತ ಹೆಚ್ಚು ಜಾಗ ಹಿಡಿಯುತ್ತಿತ್ತು. ಪಕ್ಕದ ಮನೆಯ ಮುದುಕಿಯನ್ನು ಎಲ್ಲರೂ ಮಾವಶಿ ಎನ್ನುತ್ತಿದ್ದರು, ಅವ್ವನ ತಂಗಿ ಎಂದರ್ಥ. ನಮ್ಮೂರಿನಲ್ಲೂ ಎಷ್ಟೋ ಮನೆಗಳಲ್ಲಿ ಆ ಮಾತಿದೆ. ಅವಳು ಸಂಬಳಕ್ಕೆ ಪಗಾರ ಎಂದಾಗ, ಕೋಣೆಗೆ ಖೋಲಿ ಎಂದಾಗ, ಬೆಂಡೆಕಾಯಿಗೆ ಭೇಂಡಿ ಎಂದಾಗ ನಾನು ತಿರುಗಿ ಕೇಳಬೇಕಾಗಲೇ ಇಲ್ಲ. ಅವಳ ಭಾಕರಿ ದಪ್ಪ, ನನ್ನ ಜೋಳದ ರೊಟ್ಟಿ ತೆಳು. ನನ್ನ ರೊಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಆಚೆಯದೆಲ್ಲ ಕಾಣುತ್ತದೆ ಎಂದು ಅವಳು ನಕ್ಕಳು. ಯಾರ ರೊಟ್ಟಿ ಮೇಲೆಂಬ ಜಗಳ ಶೇಂಗಾ ಚಟ್ನಿಯ ಮುಂದೆ ಮುಗಿಯಿತು. ಹೀಗೆ ಮರಾಠಿಯೊಂದಿಗೆ ನನಗೆ ಬೇಗ ಸಲಿಗೆಯಾಯಿತು. ಆ ಊರಿನಲ್ಲಿ ನಾನು ಹೊಸದಾಗಿ ಕಲಿಯಬೇಕಾಗಿ ಬಂದದ್ದು ಕನ್ನಡ.

"ನೀಲಾ ಮೇಡಂ, ರಾಗ ಎಳೀಬೇಡಿ. ವಾಕ್ಯದ ಕೊನೇಲಿ ಯಾಕೆ ಮೇಲೆ ಹೋಗ್ತೀರಿ?" ಎಂದು ಪ್ರಸನ್ನ ಸರ್ ನಿಲ್ಲಿಸುತ್ತಿದ್ದರು. ಕಾಗದದಲ್ಲಿ 'ಹೋಗುತ್ತೇನೆ' ಎಂದೇ ಇರುತ್ತಿತ್ತು, ನಾನು ಹಾಗೇ ಓದುತ್ತಿದ್ದೆ. ಆದರೂ ಅದರೊಳಗಿಂದ ಇಳಕಲ್ಲು ಇಣುಕುತ್ತಿತ್ತಂತೆ. ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ನಿಂತು, ತುಟಿಯಲ್ಲೇ ಹೋಗುತ್ತೇನೆ, ಬರುತ್ತೇನೆ, ನೋಡುತ್ತೇನೆ ಎಂದು ತಿದ್ದಿಕೊಂಡೆ. ಎದುರಿನ ಹೆಂಗಸರು ನಾನು ಜಪ ಮಾಡುತ್ತಿದ್ದೇನೆಂದು ತಿಳಿದು ಕೂರಲು ಜಾಗ ಕೊಟ್ಟರು. ಕೊನೆಗೊಮ್ಮೆ ಒಂದು ಚಿತ್ರದಲ್ಲಿ ಸಾಯದೆ ಉಳಿಯುವ ಡಾಕ್ಟರಮ್ಮನ ಪಾತ್ರ ಸಿಕ್ಕಾಗ ಮಾವಶಿಗೂ ನಮ್ಮ ಮನೆಯವರಿಗೂ ಶಿರಾ ಮಾಡಿ ಹಾಕಿದೆ.

ನಾವು ಮಾಡುತ್ತಿದ್ದದ್ದು ಹೆಚ್ಚಾಗಿ ಹೊರದೇಶದ ಸೂಪರ್ ಹೀರೋ ಚಿತ್ರಗಳು. ಬಾಯಿಗಳಿಗೆ ಮಾತು ಕೂಡಿಸುತ್ತ ಕೂಡಿಸುತ್ತ ನನಗೆ ಅದರ ಲೆಕ್ಕಾಚಾರ ತಿಳಿಯತೊಡಗಿತು. ಹಾರುವವನು, ಬೆಂಕಿ ಉಗುಳುವವನು, ಆಕಾಶದಿಂದ ಇಳಿದವನು, ಎಲ್ಲರದೂ ಒಂದೇ ಬಣ್ಣ, ಒಂದೇ ದವಡೆ. ಅವರ ಕನ್ನಡ ಇಸ್ತ್ರಿ ಮಾಡಿದ ಅಂಗಿಯ ಹಾಗೆ. ಕಳ್ಳ ಬಂದರೆ, ಕುಡುಕ ಬಂದರೆ, ಖಳನಾಯಕನ ದಡ್ಡ ಬಂಟ ಬಂದರೆ ಪ್ರಸನ್ನ ಸರ್ ಕೋಣೆಯೆಲ್ಲ ಕಣ್ಣಾಡಿಸಿ, "ಇವನಿಗೆ ಹುಬ್ಬಳ್ಳಿ ಕಡೆ ಭಾಷೆ ಹಾಕಿ" ಎನ್ನುತ್ತಿದ್ದರು. ಅವನು ಬಾಯಿ ತೆರೆದ ಕೂಡಲೇ ಎಲ್ಲರೂ ನಗುತ್ತಿದ್ದರು. ಮಾತಿನಲ್ಲಿ ನಗುವಂಥದ್ದೇನೂ ಇರುತ್ತಿರಲಿಲ್ಲ. ನಮ್ಮಪ್ಪ ದಿನಾ ಹಾಗೆಯೇ ಮಾತಾಡುತ್ತಾನೆ, ಸತ್ತವರ ಮನೆಯಲ್ಲೂ ಹಾಗೆಯೇ ಮಾತಾಡುತ್ತಾನೆ. ಜಗತ್ತು ಉಳಿಯುವಾಗ ಇಸ್ತ್ರಿಯ ಕನ್ನಡ, ಜಾರಿ ಕೆಸರಿಗೆ ಬೀಳುವಾಗ ನಮ್ಮಪ್ಪನ ಕನ್ನಡ. ಮನೆಗೆ ಬಂದು ಬಾಯಿ ಮುಕ್ಕಳಿಸಿದರೂ ಹೇಸಿಗೆ ಹೋಗುತ್ತಿರಲಿಲ್ಲ.

ಹೀಗಿರುವಾಗ ಒಂದು ಚಿತ್ರ ಬಂತು. ಅದರ ನಾಯಕಿ ಗಣಿ ಕೆಲಸದ ಹೆಂಗಸು, ಕಪ್ಪಗೆ, ಅಗಲ ಹೆಗಲಿನವಳು, ವಯಸ್ಸು ಮೀರಿದವಳು. ಕಲ್ಲು ಅವಳ ಮಾತು ಕೇಳುತ್ತದೆ, ಅದೇ ಅವಳ ಶಕ್ತಿ. ಅವಳು ಯಾವ ನಾಯಕನ ಹೆಂಡತಿಯೂ ಅಲ್ಲ, ಯಾರ ಗೆಳತಿಯೂ ಅಲ್ಲ. ಮೊದಲ ದೃಶ್ಯದಲ್ಲಿ ಅವಳು ಕಲ್ಲಿನ ದೂಳು ಮೆತ್ತಿದ ಹುಬ್ಬನ್ನು ಮುಂಗೈಯಿಂದ ಒರೆಸಿಕೊಂಡಾಗ ನಾನು ಪರದೆಯ ಹತ್ತಿರಕ್ಕೆ ಸರಿದೆ. ಕಾರ್ಖಾನೆಯಿಂದ ಬಂದ ಚಿಗವ್ವ ಬಾಗಿಲಲ್ಲಿ ನಿಂತ ಹಾಗೆಯೇ ಇದ್ದಳು.

"ಈ ಸಲ ಲೀಡ್ ನೀವೇ" ಎಂದರು ಪ್ರಸನ್ನ ಸರ್. "ಅದೂ ನಿಮ್ಮ ಭಾಷೇಲೇ."

ಹೊರಗೆ ಬಂದವಳೇ ಚಿಗವ್ವನಿಗೆ ಫೋನು ಮಾಡಿದೆ.

"ಹೀರೋಯಿನ್ನ ಮಾತು ಕೊಟ್ಟಾರೇನ ನಿನಗ?" ಎಂದಳು.

"ಹೀರೋಯಿನ್ ಅಲ್ಲ ಚಿಗವ್ವಾ, ಆಕಿನ ಹೀರೋ. ನಮ್ಮ ಮಾತಿನ್ಯಾಗ ಮಾತಾಡ್ತಾಳ. ನೋಡಾಕ ನಿನ್ನ ಹಂಗ ಅದಾಳ."

"ಹುಚ್ಚಿ, ನನ್ನ ಹಂಗಿದ್ದಾಕೀನ ಯಾರ್ ಸಿನಿಮಾಕ್ಕ ತಗೋತಾರ?" ಎಂದು ನಕ್ಕಳು. ಆದರೆ ಸಂಜೆಯೊಳಗೆ ಇಡೀ ಓಣಿಗೆ ಹೇಳಿ ಮುಗಿಸಿದ್ದಳು.

ಧ್ವನಿ ಮುದ್ರಣಕ್ಕೆ ನಿಂತಾಗ ಕಾಗದ ಕೈಗೆ ಕೊಟ್ಟರು. ಚಿತ್ರದ ನಡುವೆ ಒಂದು ದೃಶ್ಯವಿದೆ. ಗಣಿಯ ಚಾವಣಿ ಕುಸಿಯುತ್ತದೆ. ನಾಯಕಿ ಅದನ್ನು ಹೆಗಲ ಮೇಲೆ ತಡೆದು ನಿಲ್ಲುತ್ತಾಳೆ. ಅವಳ ಪಕ್ಕದಲ್ಲೇ ಅವಳ ಜೊತೆಗಾತಿ ಸತ್ತು ಬಿದ್ದಿದ್ದಾಳೆ. ಉಳಿದವರಿಗೆ ಅವಳು ಮೆಲ್ಲಗೆ ಹೇಳುವುದು ಇಷ್ಟೇ: ಹೊರಗೆ ಹೋಗಿ, ನಾನು ಹಿಡಿದಿದ್ದೇನೆ. ನನ್ನ ಕಾಗದದಲ್ಲಿ ಬರೆದಿದ್ದದ್ದು ಬೇರೆ: "ಯಪ್ಪೋ, ನನ್ನ ಟೊಂಕ ಮುರೀತಲ್ಲೋ! ಲಗೂನ ಓಡ್ರಲೇ ಮಂಗ್ಯಾಗೋಳ್ರಾ!"

ಪುಟ ತಿರುವಿ ನೋಡಿದೆ. ಅವಳು ಅಳುವಲ್ಲೂ ಹಾಗೇ, ಶಪಥ ಮಾಡುವಲ್ಲೂ ಹಾಗೇ. ಪ್ರತಿ ಮಾತಿಗೂ ಒಂದು ಯಪ್ಪೋ, ಒಂದು ಯವ್ವೋ. ಅವಳ ಸಹಾಯಕಿ ಎಂದು ಒಬ್ಬ ಬಿಳಿಯ ಹುಡುಗಿ ಇದ್ದಳು. ಅವಳಿಗೆ ಮಾತ್ರ ಶುದ್ಧ ಇಸ್ತ್ರಿಯ ಕನ್ನಡ.

"ಸರ್, ಆಕಿ ಹಂಗ ಅಂದಿಲ್ರಿ" ಎಂದೆ. ಸ್ಟುಡಿಯೋದಲ್ಲಿ ಕಲಿತ ಕನ್ನಡ ಸಿಟ್ಟಿನಲ್ಲಿ ಎಲ್ಲಿಗೋ ಓಡಿಹೋಗಿತ್ತು.

"ಗೊತ್ತಮ್ಮ" ಎಂದರು ಪ್ರಸನ್ನ ಸರ್, ಸಮಾಧಾನದಿಂದ. "ಆದ್ರೆ ಇಂಥ ಮುಖನ ಹೀರೋ ಅಂತ ನಮ್ಮ ಜನ ಇಷ್ಟು ಹೊತ್ತು ಹೇಗೆ ನೋಡ್ತಾರೆ ಹೇಳಿ? ಆ ಬಣ್ಣ ನೋಡಿ, ಆ ಮೈಕಟ್ಟು ನೋಡಿ. ನಗು ಬಂದ್ರೆ ಕೂತು ನೋಡ್ತಾರೆ. ಅದಕ್ಕೇ ನಿಮ್ಮನ್ನ ಹಾಕಿದ್ದು."

ಗಾಜಿನ ಮೇಲೆ ಊರಿದ್ದ ಅವರ ಕೈ ನನ್ನ ಕೈಯಷ್ಟೇ ಕಪ್ಪಗಿತ್ತು. ಅವರು ಕೆಟ್ಟ ಮನುಷ್ಯರಲ್ಲ. ಮಧ್ಯಾಹ್ನ ತಮ್ಮ ಡಬ್ಬಿಯ ಹುಳಿಯನ್ನ ನನಗೂ ಹಂಚುತ್ತಿದ್ದರು. ನಾನು ಕಾಗದ ಮಡಚಿ ಪಕ್ಕಕ್ಕಿಟ್ಟೆ.

"ಒಂದು ಸಲ ನನ್ನ ರೀತಿಯೊಳಗ ಹೇಳ್ತೇನ್ರಿ, ಕೇಳ್ರಿ" ಎಂದೆ. ಅವರು ತಲೆಯಾಡಿಸಿದರು. ಪರದೆಯ ಮೇಲೆ ಚಾವಣಿ ಕುಸಿಯಿತು. ಅವಳ ತುಟಿ ಅಲುಗಿದಾಗ, "ಹೊರಗ ಹೋಗ್ರಿ. ನಾ ಹಿಡದೇನಿ" ಎಂದೆ. ತುಟಿಗೆ ಮಾತು ಸರಿಯಾಗಿ ಕೂತಿತು.

"ಚೆನ್ನಾಗಿದೆ" ಎಂದರು ಪ್ರಸನ್ನ ಸರ್. ಆಮೇಲೆ, "ಆದ್ರೆ ಇದು ಬೇಡ. ಬರೆದಿರೋದನ್ನೇ ಹೇಳಿ."

"ಹಂಗಾದ್ರ ಆ ಬಿಳಿ ಹುಡುಗಿಗೆ ಕೊಟ್ಟ ಕನ್ನಡಾನ ಈಕಿಗೂ ಕೊಡ್ರಿ. ಇಲ್ಲಾ ನಮ್ಮ ಮಾತು ನಾವು ಆಡೂ ಹಂಗ ಆಡಾಕ ಬಿಡ್ರಿ. ಎರಡರಾಗ ಒಂದು ಮಾಡ್ರಿ."

"ನೀವು ಮಾಡದಿದ್ರೆ ಇನ್ಯಾರೋ ಮಾಡ್ತಾರೆ, ಅಷ್ಟೇ."

ಹೆಡ್‌ಫೋನು ತೆಗೆದಿಟ್ಟು ಹೊರಗೆ ಬಂದೆ. ರಸ್ತೆಯಲ್ಲಿ ಅದೇ ಚಿತ್ರದ ದೊಡ್ಡ ಜಾಹೀರಾತು ತೂಗುತ್ತಿತ್ತು. ಅಲ್ಲಿ ನಾಯಕಿಯ ಮುಖಕ್ಕೆ ಸುಣ್ಣ ಬಳಿದ ಹಾಗೆ ಬಣ್ಣ ತಿಳಿಗೊಳಿಸಿದ್ದರು. ಅವಳಿಗಿಂತ ಮುಂದೆ, ಅವಳಿಗಿಂತ ದೊಡ್ಡದಾಗಿ, ಸಹಾಯಕಿ ಹುಡುಗಿ ನಿಂತಿದ್ದಳು.

ನಮ್ಮ ಮನೆಯವರು ಎಲ್ಲ ಕೇಳಿ, "ನೀ ಮಾಡಿದ್ದು ತಪ್ಪಲ್ಲ" ಎಂದರು. "ಆದ್ರ ಒಳಗಿದ್ದು ಜಗಳಾಡಿದ್ರ ಒಂದೆರಡು ಮಾತರ ಉಳೀತಿದ್ವು. ಈಗ ಒಂದೂ ಉಳಿಯಂಗಿಲ್ಲ ನೋಡು."

"ಆ ಎಂಜಲ ಬಾಯಾಗ ಹಾಕ್ಕೊಂಡು ಎಷ್ಟಂತ ಜಗಳಾಡ್ಲೀ?" ಎಂದೆ. ಅವರ ಮಾತಿನಲ್ಲಿ ನಿಜವಿತ್ತು. ಅದಕ್ಕೇ ಇಬ್ಬರೂ ಅವತ್ತು ಸರಿಯಾಗಿ ಉಣ್ಣಲಿಲ್ಲ.

ಚಿತ್ರ ಬಿಡುಗಡೆಯಾದಾಗ ನಾನು ತಮ್ಮನ ಮದುವೆ ನಿಶ್ಚಯಕ್ಕೆಂದು ಇಳಕಲ್ಲಿಗೆ ಬಂದಿದ್ದೆ. ಬಂದ ದಿನವೇ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಬಾಯಿ ತಪ್ಪಿ, "ಎಷ್ಟಾಯಿತು?" ಎಂದೆ. ನನ್ನನ್ನು ಸಣ್ಣಂದಿನಿಂದ ಬಲ್ಲ ಅಂಗಡಿಯವನು ತಲೆಯೆತ್ತದೆ, "ಯಾವೂರ್ರಿ ನಿಮ್ದು?" ಎಂದ. ಮನೆಯಲ್ಲಿ ತಮ್ಮ ನಾನು ಬಾಯಿ ತೆರೆದಾಗಲೆಲ್ಲ, "ಅಕ್ಕ ಸುದ್ದಿ ಓದಾಕತ್ಲು ನೋಡ್ರಿ" ಎಂದು ಕಾಡಿದ. ಮುಂಬೈಯಲ್ಲಿ ಎಷ್ಟು ತಿಕ್ಕಿದರೂ ಹೋಗದಿದ್ದ ರಾಗ ಇಲ್ಲಿ ಯಾರಿಗೂ ಕೇಳಿಸಲಿಲ್ಲ.

ಚಿಗವ್ವ ಹಟ ಹಿಡಿದು ಬಾಗಲಕೋಟೆಗೆ ಸಿನಿಮಾ ನೋಡಲು ಕರೆದುಕೊಂಡು ಹೋದಳು. ಮಾತು ನನ್ನದಲ್ಲ ಎಂದು ಹೇಳಿದ್ದೆ. "ನನ್ನಂಥಾಕಿ ಅದಾಳಂತಲ್ಲ, ಆಕೀನ ನೋಡ್ತೇನಿ" ಎಂದಳು. ಚಿತ್ರಮಂದಿರ ತುಂಬಿತ್ತು. ನಾಯಕಿಯ ಮಾತನ್ನು ಯಾರೋ ದಕ್ಷಿಣ ಕರ್ನಾಟಕದ ಹುಡುಗಿ ಆಡಿದ್ದಳು. ನಮ್ಮ ಮಾತನ್ನು ಎಂದೂ ಕೇಳಿರದೆ, ಅದನ್ನು ಅಣಕಿಸುವವರನ್ನು ಕೇಳಿ ಕಲಿತ ಮಾತು ಅದು. ಎಲ್ಲ ಕಡೆ ಸಲ್ಲದಷ್ಟು ಎಳೆತ, ಬೇಡದಲ್ಲೆಲ್ಲ ಒಂದು ಲೇ. ನಮ್ಮ ಜನ ಇದಕ್ಕೆ ಎದ್ದು ಹೋಗುತ್ತಾರೆ ಎಂದುಕೊಂಡಿದ್ದೆ. ಯಾರೂ ಏಳಲಿಲ್ಲ. ನಕ್ಕರು. ಸೀಟಿ ಹೊಡೆದರು. ಹಿಂದಿನ ಸಾಲಿನವನೊಬ್ಬ, "ನಮ್ಮಾಕಿ ಲೇ!" ಎಂದು ಕೂಗಿದ. ಚಾವಣಿ ಕುಸಿದು, ಜೊತೆಗಾತಿ ಸತ್ತು ಬಿದ್ದಿದ್ದಾಗ, ಟೊಂಕ ಮುರಿಯಿತೆಂಬ ಮಾತಿಗೆ ಇಡೀ ಮಂದಿರ ಬಿದ್ದು ಬಿದ್ದು ನಕ್ಕಿತು. ನನ್ನ ಪಕ್ಕದಲ್ಲಿ ಚಿಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಇಷ್ಟು ದಿನ ನನ್ನ ಅಸಹ್ಯಕ್ಕೆ ಮುಂಬೈಯ ಒಂದು ಕೋಣೆ ಸಾಕಾಗಿತ್ತು. ಈಗ ಅದನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ.

ತಿರುಗಿ ಬರುವ ಬಸ್ಸಿನಲ್ಲಿ ಅಮೀನಗಡ ದಾಟಿದ ಮೇಲೆ ಚಿಗವ್ವನೇ ಮಾತು ತೆಗೆದಳು.

"ಯಾಕ ಮಾರಿ ಗಂಟು ಹಾಕ್ಕೊಂಡು ಕುಂತಿ? ಮಸ್ತ್ ಇತ್ತಲ್ಲ. ನೀ ಮಾತಾಡಿದ್ರ ಇನ್ನೂ ಮಜಾ ಬರ್ತಿತ್ತು."

"ಆಕಿ ಖರೇ ಹಂಗ ಅಂದಿರ್ಲಿಲ್ಲ ಚಿಗವ್ವಾ."

"ಮತ್ತ ಏನಂದಿದ್ಲು?"

ನಾನು ಹೇಳಿದೆ. ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ.

ಚಿಗವ್ವ ಕಿಟಕಿಯ ಕಡೆ ಮುಖ ಮಾಡಿದಳು. "ಅಷ್ಟ? ಹಂಗಂದ್ರ ಯಾರ್ ನಗತಾರ?" ಎಂದಳು. ಅದು ಆಕ್ಷೇಪವೋ, ಅರಿವೋ, ನನಗೆ ತಿಳಿಯಲಿಲ್ಲ.

ಈಗ ಮತ್ತೆ ಮುಂಬೈಯಲ್ಲಿದ್ದೇನೆ. ಬೇರೊಂದು ಸ್ಟುಡಿಯೋದಲ್ಲಿ ಮಕ್ಕಳ ಪ್ರಾಣಿಗಳ ಚಿತ್ರಗಳಿಗೆ ಮಾತು ಕೊಡುತ್ತೇನೆ. ಆನೆಗೂ ಅಲ್ಲಿ ಇಸ್ತ್ರಿಯ ಕನ್ನಡವೇ. ಮೊನ್ನೆ ಪ್ರಸನ್ನ ಸರ್ ಫೋನು ಮಾಡಿದ್ದರು.

"ನಿಮ್ಮ ಕಡೆ ಜನಕ್ಕೆ ಬಹಳ ಇಷ್ಟ ಆಯ್ತಂತೆ ಮೇಡಂ! ಎರಡನೇ ಭಾಗ ಬರ್ತಿದೆ. ಆ ಹುಡುಗಿಗೆ ರಾಗ ಸರಿಯಾಗಿ ಬರ್ತಿಲ್ಲ. ನಾಲ್ಕು ದಿನ ಬಂದು ಸ್ವಲ್ಪ ಕಲಿಸ್ಕೊಡಿ."

ನನಗೆ ಮೈಯೆಲ್ಲ ಉರಿಯಿತು. ಆದರೆ ಬಾಯಿಂದ ಬಂದದ್ದು ತಣ್ಣಗಿನ ಮಾತು. "ಕ್ಷಮಿಸಿ ಸರ್. ನಿಮ್ಮ ಚಿತ್ರದಲ್ಲಿ ಅವಳು ಆಡುವ ಭಾಷೆ ಯಾವ ಊರಿನದೋ ನನಗೆ ತಿಳಿಯದು. ನಾನು ಕಲಿಸಲಾರೆ."

ಆ ಕಡೆ ಅವರು ಮನಸಾರೆ ಮೆಚ್ಚಿಕೊಂಡರು. "ಅಬ್ಬ, ಎಷ್ಟು ಶುದ್ಧವಾಗಿ ಮಾತಾಡ್ತೀರಿ ಈಗ! ಇನ್ನು ನಿಮಗೆ ಹೀರೋಯಿನ್‌ಗಳ ಪಾತ್ರಾನೇ ಕೊಡಬಹುದು."

ಫೋನು ಇಟ್ಟೆ. ಒಳಗಿನಿಂದ ನಮ್ಮ ಮನೆಯವರು, "ಯಾರದದು ಫೋನ?" ಎಂದು ಕೇಳಿದರು. ಉತ್ತರ ಕೊಡಲು ಬಾಯಿ ತೆರೆದೆ. ಯಾವ ಕನ್ನಡ ಮೊದಲು ಬರುತ್ತದೋ ಎಂದು ನಾನೇ ಕಾದೆ.